ಗಾಡಿ ಇರೋದು ಓಡಿಸೋಕಾ, ಇಡೋಕಾ?

ನ್ಯಾಮತಿಯಿಂದ ಒಂದು ಫೋನ್ ಬಂತು. ರಾತ್ರಿ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದಿದ್ದೆ. "ಸಾರ್, ರಾಜಕೀಯದ್ದಲ್ಲ. ಮನೆ ವಿಷಯ. ಎರಡು ನಿಮಿಷ ಮಾತಾಡಬಹುದಾ?" ಅಂದ್ರು. ಮಾತಾಡಿ ಅಂದೆ. ಎರಡು ನಿಮಿಷದ ಮಾತು ನಲವತ್ತು ನಿಮಿಷ ಆಯ್ತು.

ಅವರ ತಂದೆ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಹತ್ತಿರ ಒಂದು ಜಾವಾ ಇತ್ತು. 1971ರ ಗಾಡಿ, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಸವಳಂಗ, ಬೆಳಗುತ್ತಿ, ಸೂರಗೊಂಡನಕೊಪ್ಪ, ಯಾವ ಊರಿನಲ್ಲಿ ಹಸು ಕರು ಹಾಕೋಕೆ ಒದ್ದಾಡಿದ್ರೂ ಮಧ್ಯರಾತ್ರಿ ಆ ಗಾಡಿ ಹೋಗಬೇಕಿತ್ತು. ಕೆರೆ ಏರಿ ಮೇಲೆ ಜಾವಾ ಶಬ್ದ ಕೇಳಿಸಿತು ಅಂದ್ರೆ ಕಾಂಪೌಂಡರ್ ಬಂದ್ರು ಅಂತ ಜನ ಬಿಸಿನೀರು ಕಾಯಿಸೋಕೆ ಇಡ್ತಿದ್ರಂತೆ. ಆ ಹಿರಿಯರು ತೀರಿಕೊಂಡು ಮೂರು ವರ್ಷ. ಗಾಡಿ ಅಡಿಕೆ ಗೋದಾಮಿನಲ್ಲಿ ಹಳೇ ಟಾರ್ಪಾಲಿನ ಕೆಳಗೆ ನಿಂತಿದೆ.

ಬೆಂಗಳೂರಿನಿಂದ ಯಾರೋ ಹುಡುಕಿಕೊಂಡು ಬಂದು ಎರಡೂವರೆ ಲಕ್ಷ ಕೊಡ್ತೀನಿ ಅಂದ್ರಂತೆ. "ಆ ದುಡ್ಡಿಗೆ ಹೊಸ ಬುಲೆಟ್ಟೇ ಬರುತ್ತೆ ಸಾರ್! ಮಗಳ ಕಾಲೇಜ್ ಫೀಸಿಗೂ ಆಗ್ತಿತ್ತು. ನಮ್ಮವ್ವನೂ ಕೊಟ್ಟುಬಿಡು ಅಂತಾಳೆ. ಆದ್ರೆ ಅವರೊಂದು ಮಾತು ಅಂದ್ರು. ನಾವಿದನ್ನ ಓಡಿಸಲ್ಲ, ಪೆಟ್ರೋಲ್ ಎಲ್ಲ ತೆಗೆದು, ಪಾಲಿಶ್ ಮಾಡಿಸಿ, ಹಾಲ್‌ನಲ್ಲಿ ನಿಲ್ಲಿಸ್ತೀವಿ ಅಂದ್ರು. ಓಡಿಸದೇ ಇರೋ ಗಾಡಿಗೆ ಅಷ್ಟು ದುಡ್ಡು ಯಾಕ್ ಕೊಡ್ತಾರೆ ಸಾರ್? ಗಾಡಿ ಇರೋದು ಓಡಿಸೋಕಾ, ಇಡೋಕಾ?"

ಫೋನಿನಲ್ಲಿ ನಾನು ಏನೋ ಒಂದು ಹೇಳಿ ತೇಲಿಸಿದೆ. ಟಿವಿಯಲ್ಲಿ ಕೂತು ಎಲ್ಲದಕ್ಕೂ ಉತ್ತರ ಹೇಳುವವನಿಗೆ ಈ ಪ್ರಶ್ನೆಗೆ ಥಟ್ಟನೆ ಉತ್ತರ ಬರಲಿಲ್ಲ. ಆಮೇಲೆ ನಾಲ್ಕು ದಿನ ಇದರ ಚರಿತ್ರೆಯ ಹಿಂದೆ ಬಿದ್ದೆ. ಈ ಬರಹ ಆ ಫೋನಿಗೆ ಕೊಡಬೇಕಿದ್ದ ಉತ್ತರ.

ನೋಡಿ, ಇದು ನ್ಯಾಮತಿಯ ಗೋದಾಮಿನ ಪ್ರಶ್ನೆ ಮಾತ್ರ ಅಲ್ಲ. 2023ರ ಜುಲೈನಲ್ಲಿ ನಮ್ಮ ವೆಂಕಟೇಶ್ ಪ್ರಸಾದ್ ಒಂದು ವಿಡಿಯೋ ಹಾಕಿದ್ರು, ನೆನಪಿದೆಯಾ? ಅವರೂ ಗದಗಿನ ಸುನಿಲ್ ಜೋಶಿಯೂ ರಾಂಚಿಯಲ್ಲಿ ಧೋನಿ ಮನೆಗೆ ಹೋಗಿದ್ರು. ಮನೆಯ ಆವರಣದಲ್ಲಿ ಎರಡಂತಸ್ತಿನ ಗಾಜಿನ ಕಟ್ಟಡ, ಒಳಗೆ ಸಾಲು ಸಾಲು ಬೈಕು. ಇದನ್ನೊಂದು ಶೋರೂಮ್ ಅನ್ನಬಹುದು, ಹುಚ್ಚು ಇಲ್ಲದವನಿಗೆ ಇದು ಸಾಧ್ಯವೇ ಇಲ್ಲ ಅನ್ನೋ ಅರ್ಥದಲ್ಲಿ ಪ್ರಸಾದ್ ಉದ್ಗಾರ ತೆಗೆದ್ರು. ನಮ್ಮ ಚಾನೆಲ್‌ನಲ್ಲೂ ಆ ವಿಡಿಯೋ ಇಡೀ ದಿನ ಓಡಿತು. ಆವತ್ತು ನಮ್ಮ ಡೆಸ್ಕಿನಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಇಷ್ಟನ್ನೂ ಓಡಿಸ್ತಾರಾ? ಧೋನಿ ರಾಂಚಿಯ ರಸ್ತೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಹೋಗೋದನ್ನು ಜನ ನೋಡಿದ್ದಾರೆ, ಅದು ಬೇರೆ. ಆದರೆ ಮನುಷ್ಯನಿಗೆ ಇರೋದು ಎರಡೇ ಕಾಲು.

ಇನ್ನೂ ದೊಡ್ಡವರ ಲೋಕಕ್ಕೆ ಹೋಗೋಣ. ಇಟಲಿಯ ಡುಕಾಟಿ 2020ರಲ್ಲಿ ಸೂಪರ್‌ಲೆಜೆರಾ ವಿ4 ಅಂತ ಒಂದು ಗಾಡಿ ಮಾಡಿತು. ಒಟ್ಟು 500 ಮಾತ್ರ. ಪ್ರತಿಯೊಂದರ ಮೇಲೂ ನಂಬರ್. ಚಾಸಿಸ್ಸು, ಚಕ್ರ ಎಲ್ಲ ಕಾರ್ಬನ್ ಫೈಬರ್. ಅಮೆರಿಕದಲ್ಲಿ ಬೆಲೆ ಒಂದು ಲಕ್ಷ ಡಾಲರ್. ಶಕ್ತಿ 220 ಅಶ್ವಶಕ್ತಿಗೂ ಮೇಲೆ. ನ್ಯಾಮತಿಯ ಆ ಜಾವಾ ಎಷ್ಟು ಗೊತ್ತಾ? ಸುಮಾರು ಹನ್ನೆರಡು. ಹನ್ನೆರಡು ಕುದುರೆಯಲ್ಲಿ ಒಂದು ತಾಲ್ಲೂಕಿನ ದನಕರು ಉಳಿದವು. 220 ಕುದುರೆ ಯಾರದೋ ಮನೆಯ ಎಸಿ ರೂಮಿನಲ್ಲಿ ನಿಂತಿದೆ.

ಹೋಂಡಾದ್ದು ಇನ್ನೂ ಮಜಾ. 2015ರಲ್ಲಿ ಆರ್‌ಸಿ213ವಿ-ಎಸ್ ಅಂತ ಬಿಟ್ಟರು. ಮೋಟೋಜಿಪಿ ರೇಸಿನಲ್ಲಿ ಓಡೋ ಗಾಡಿಗೇ ಲೈಟು, ಇಂಡಿಕೇಟರ್, ನಂಬರ್ ಪ್ಲೇಟು ಹಾಕಿದ ಹಾಗೆ. ಅಮೆರಿಕದ ಬೆಲೆ 1,84,000 ಡಾಲರ್. ಆದರೆ ಅಲ್ಲಿನ ಶಬ್ದ ಮತ್ತು ಹೊಗೆ ನಿಯಮಕ್ಕೆ ಒಗ್ಗಿಸಿ ಒಗ್ಗಿಸಿ ಕೊನೆಗೆ ಉಳಿದದ್ದು 101 ಅಶ್ವಶಕ್ತಿ! ಹುಲಿಯ ಹಲ್ಲು ಕಿತ್ತು ಹುಲಿಯ ಬೆಲೆಗೆ ಮಾರಿದರು. ಕವಾಸಾಕಿಯ ನಿಂಜಾ ಎಚ್2ಆರ್ ಅಂತೂ ರಸ್ತೆಗೆ ಇಳಿಯೋ ಹಾಗೇ ಇಲ್ಲ, ಟ್ರ್ಯಾಕಿನಲ್ಲಿ ಮಾತ್ರ. 2016ರ ಜೂನ್ 30ರಂದು ಟರ್ಕಿಯ ರೇಸರ್ ಕೆನಾನ್ ಸೊಫುವೊಗ್ಲು ಹೊಸದಾಗಿ ಕಟ್ಟಿದ್ದ ಸೇತುವೆಯೊಂದನ್ನು ಖಾಲಿ ಮಾಡಿಸಿಕೊಂಡು ಇದನ್ನು 26 ಸೆಕೆಂಡಿನಲ್ಲಿ 400 ಕಿಲೋಮೀಟರ್ ವೇಗಕ್ಕೆ ಮುಟ್ಟಿಸಿದ. ಅಂಥ ಸೇತುವೆ ನಿಮ್ಮೂರಲ್ಲಿ ಇದೆಯಾ? ನಮ್ಮೂರಲ್ಲಂತೂ ಸೇತುವೆ ಉದ್ಘಾಟನೆಗೇ ಮೂರು ಪಕ್ಷ ಜಗಳ ಆಡ್ತವೆ.

ಹಾಗಾದರೆ ಇವನ್ನು ಕೊಂಡವನು ಏನು ಮಾಡ್ತಾನೆ? ಬಹಳ ಜನ ಇಡ್ತಾರೆ. ಮೀಟರಿನಲ್ಲಿ ಸೊನ್ನೆ ಕಿಲೋಮೀಟರ್ ಇದ್ದಷ್ಟೂ ಬೆಲೆ ಜಾಸ್ತಿ. ಒಂದು ಕಿಲೋಮೀಟರ್ ಓಡಿಸಿದರೆ ಅದು 'ಬಳಸಿದ ಗಾಡಿ'. ಪೆಟ್ಟಿಗೆಯನ್ನೇ ಒಡೆಯದೆ ಇಟ್ಟು, ಕೆಲವು ವರ್ಷ ಬಿಟ್ಟು ಹರಾಜಿಗೆ ಹಾಕುವವರಿದ್ದಾರೆ. ಅದು ಗಾಡಿಯಲ್ಲ ಬಿಡಿ, ಚಕ್ರ ಇರೋ ಫಿಕ್ಸೆಡ್ ಡೆಪಾಸಿಟ್ಟು.

ಇದು ಇವತ್ತಿನ ಹುಚ್ಚು ಅಂದುಕೊಳ್ಳಬೇಡಿ. ಇದರ ಬೇರು ನೂರು ವರ್ಷ ಹಿಂದೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿದೆ. ಜಾರ್ಜ್ ಬ್ರಫ್ ಅನ್ನೋ ಆಸಾಮಿ 1919ರಲ್ಲಿ ಬ್ರಫ್ ಸುಪೀರಿಯರ್ ಅನ್ನೋ ಬೈಕು ಕಟ್ಟೋಕೆ ಶುರು ಮಾಡಿದ. 1940ರಲ್ಲಿ ಯುದ್ಧದ ಕಾಲಕ್ಕೆ ನಿಲ್ಲಿಸಿದ. ಅಷ್ಟೂ ವರ್ಷದಲ್ಲಿ ಆಗಿದ್ದು ಸುಮಾರು ಮೂರು ಸಾವಿರ ಗಾಡಿ. ದರ್ಜಿ ಅಳತೆ ತೆಗೆದು ಅಂಗಿ ಹೊಲಿದ ಹಾಗೆ ಗಿರಾಕಿಗೆ ತಕ್ಕಂತೆ ಒಂದೊಂದನ್ನೂ ಕಟ್ಟಿದ್ದು. ಬೈಕುಗಳ ರೋಲ್ಸ್ ರಾಯ್ಸ್ ಅಂತ ಹೆಸರು. ಎಸ್‌ಎಸ್100 ಅನ್ನೋ ಮಾಡೆಲ್ಲಿಗೆ, ಈ ಗಾಡಿ ಗಂಟೆಗೆ ನೂರು ಮೈಲಿ ಓಡುತ್ತೆ ಅಂತ ಲಿಖಿತ ಖಾತ್ರಿ ಕೊಡ್ತಿದ್ದ. ಗಮನಿಸಿ, ಅವನು ಕೊಟ್ಟ ಖಾತ್ರಿ ಓಟದ್ದು. ಮುಂದೆ ಬೆಲೆ ಏರುತ್ತೆ ಅಂತ ಅಲ್ಲ.

ಆ ಗಾಡಿಯ ದೊಡ್ಡ ಗಿರಾಕಿ ಟಿ.ಇ. ಲಾರೆನ್ಸ್, ಸಿನಿಮಾದಿಂದ ನಮಗೆಲ್ಲ ಗೊತ್ತಿರೋ 'ಲಾರೆನ್ಸ್ ಆಫ್ ಅರೇಬಿಯಾ'. ಒಂದಾದ ಮೇಲೆ ಒಂದರಂತೆ ಏಳು ಬ್ರಫ್ ಇಟ್ಟಿದ್ದ, ಎಂಟನೆಯದಕ್ಕೆ ಆರ್ಡರ್ ಕೊಟ್ಟಿದ್ದ. ಒಂದನ್ನೂ ಷೋಕೇಸಿನಲ್ಲಿ ಇಡಲಿಲ್ಲ, ಸವೆಯೋವರೆಗೆ ಓಡಿಸಿದ. ಮೇಲೆ ಹಾರೋ ವಿಮಾನದ ಜೊತೆ ಕೆಳಗೆ ರಸ್ತೆಯಲ್ಲಿ ರೇಸ್ ಬಿದ್ದದ್ದನ್ನು ಅವನೇ ಬರೆದುಕೊಂಡಿದ್ದಾನೆ. 1935ರ ಮೇ 13, ಮನೆ ಹತ್ತಿರದ ರಸ್ತೆ. ಸೈಕಲ್ಲಿನಲ್ಲಿದ್ದ ಇಬ್ಬರು ಹುಡುಗರನ್ನು ತಪ್ಪಿಸೋಕೆ ಹೋಗಿ ಬಿದ್ದ. ಆರು ದಿನ ಪ್ರಜ್ಞೆ ಬರಲಿಲ್ಲ, ಹೋಗಿಬಿಟ್ಟ. ವಯಸ್ಸು 46. ಅವನನ್ನು ನೋಡಿಕೊಂಡ ವೈದ್ಯರಲ್ಲಿ ಒಬ್ಬರು ಹ್ಯೂ ಕೈರ್ನ್ಸ್. ಆ ಸಾವು ಅವರನ್ನು ಕಾಡಿತು. ಮುಂದೆ ಸೇನೆಯ ಬೈಕ್ ಸವಾರರ ತಲೆಪೆಟ್ಟಿನ ಲೆಕ್ಕ ಹಿಡಿದು ಅಧ್ಯಯನ ಮಾಡಿದರು. ಹೆಲ್ಮೆಟ್ ಜೀವ ಉಳಿಸುತ್ತೆ ಅನ್ನೋದನ್ನು ಅಂಕಿ ಅಂಶದ ಸಮೇತ ತೋರಿಸಿದವರು ಅವರು. ನಮ್ಮ ಟ್ರಾಫಿಕ್ ಪೊಲೀಸ್ ಇವತ್ತು ನಿಲ್ಲಿಸಿ ದಂಡ ಹಾಕ್ತಾನಲ್ಲ, ಅದರ ಹಿಂದೆ ಒಂದು ಬ್ರಫ್ ಸುಪೀರಿಯರ್ ಬಿದ್ದ ಕಥೆ ಇದೆ.

ಈಗ ಇನ್ನೊಂದು ಬ್ರಫ್ ಕಥೆ ಕೇಳಿ. ಇಂಗ್ಲೆಂಡಿನ ಬಾಡ್‌ಮಿನ್ ಮೂರ್ ಅನ್ನೋ ಕಡೆ ಕೊಟ್ಟಿಗೆಗಳಲ್ಲಿ ಹಲವು ಬ್ರಫ್ ಗಾಡಿಗಳು ದಶಕಗಳ ಕಾಲ ಹಾಗೇ ಬಿದ್ದಿದ್ದವು. ತುಕ್ಕು ತಿಂದು ಗುಜರಿಗಿಂತ ಕಡೆಯಾಗಿದ್ದವು. 2016ರ ಏಪ್ರಿಲ್‌ನಲ್ಲಿ ಬಾನ್‌ಹ್ಯಾಮ್ಸ್‌ನವರು ಹರಾಜು ಹಾಕಿದರು. ನಾಲ್ಕು ಸಿಲಿಂಡರಿನ ಒಂದೇ ಒಂದು ಗಾಡಿ 3,31,900 ಪೌಂಡ್‌ಗೆ ಹೋಯ್ತು. ಅಂದಿನ ಲೆಕ್ಕಕ್ಕೆ ಮೂರು ಕೋಟಿ ರೂಪಾಯಿಗೂ ಮೇಲೆ. ಓಡದ, ಕೈಯಲ್ಲಿ ಮುಟ್ಟಿದರೆ ಪುಡಿ ಉದುರೋ ಗಾಡಿಗೆ!

ಯಾಕೆ? ನ್ಯಾಮತಿಯವರು ಕೇಳಿದ್ದೂ ಇದೇ ಪ್ರಶ್ನೆ. ನನಗೆ ಹೊಳೆದದ್ದು ಇಷ್ಟು: ಆ ತುಕ್ಕಿಗೆ ಬೆಲೆ ಕಟ್ಟಿದ್ದು ಲಾರೆನ್ಸ್‌ನಂಥವರು. ಅವರು ಓಡಿಸಿದರು, ಗೆದ್ದರು, ಬಿದ್ದರು, ಸತ್ತರು. ಬ್ರಫ್ ಅನ್ನೋ ಹೆಸರಿಗೆ ಆ ಮೈಲಿಗಳಿಂದ ಮಾನ ಬಂತು. ಇಟ್ಟುಕೊಂಡವನು ಆ ಮಾನವನ್ನು ಹರಾಜಿನಲ್ಲಿ ಮಾರಿಕೊಂಡ. ಒಬ್ಬ ಗಳಿಸಿದ್ದನ್ನು ಇನ್ನೊಬ್ಬ ನಗದು ಮಾಡಿಕೊಂಡ ಅನ್ನಿ. ಯಾರೂ ಓಡಿಸದೇ ಇದ್ದಿದ್ದರೆ ಯಾರೂ ಇಡುತ್ತಲೂ ಇರಲಿಲ್ಲ.

ಇದೇ ಲೆಕ್ಕವನ್ನು ಮೈಸೂರಿಗೆ ತನ್ನಿ.

1950ರ ದಶಕದಲ್ಲಿ ವಿದೇಶಿ ಬೈಕುಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿತು. ಆಗ ಬಾಂಬೆಯಲ್ಲಿ ಝೆಕೊಸ್ಲೊವಾಕಿಯಾದ ಜಾವಾ ತರಿಸಿ ಮಾರುತ್ತಿದ್ದ ಪಾರ್ಸಿ ಇರಾನಿ ಮನೆತನದವರು, ತರೋ ಹಾಗಿಲ್ಲ ಅಂದ್ರೆ ಇಲ್ಲೇ ಮಾಡೋಣ ಅಂತ ಹೊರಟರು. ಫಾರೂಕ್ ಇರಾನಿ ಮೈಸೂರಿಗೆ ಬಂದರು. ಜಯಚಾಮರಾಜ ಒಡೆಯರ್ ಬೆನ್ನಿಗೆ ನಿಂತರು. ಆಗ ಒಡೆಯರ್ ಮಹಾರಾಜರಷ್ಟೇ ಅಲ್ಲ, ಮೈಸೂರು ರಾಜ್ಯದ ರಾಜ್ಯಪಾಲರೂ ಹೌದು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. 1961ರಲ್ಲಿ ಮೈಸೂರಿನ ಗಾಡಿ ರಸ್ತೆಗಿಳಿಯಿತು.

ಅದೇನು ಗಾಡಿ ಸ್ವಾಮಿ! 250 ಸಿಸಿ, ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು. ಕಿಕ್ಕರೂ ಅದೇ, ಗೇರ್ ಲಿವರೂ ಅದೇ. ಹಿಂದಕ್ಕೆ ತಿರುಗಿಸಿ ಒದ್ದರೆ ಸ್ಟಾರ್ಟು, ಮುಂದಕ್ಕೆ ತಂದರೆ ಗೇರು. ಕ್ಲಚ್ ಹಿಡಿಯದೇ ಗೇರ್ ಹಾಕಬಹುದಿತ್ತು. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಹಾಲಿನವರು ಎರಡೂ ಕಡೆ ಕ್ಯಾನ್ ಕಟ್ಟಿದರು. ಮೇಷ್ಟ್ರು, ಗ್ರಾಮಸೇವಕರು, ಅಡಿಕೆ ವ್ಯಾಪಾರಿಗಳು, ನಮ್ಮ ಕಾಂಪೌಂಡರ್ ಥರದವರು ಇದರ ಮೇಲೆ ಊರೂರು ತಿರುಗಿದರು. ಮದುವೆಯಲ್ಲಿ ಅಳಿಯನಿಗೆ ಜಾವಾ ಕೊಟ್ಟರು ಅಂದ್ರೆ ಅದು ಹತ್ತು ಹಳ್ಳಿಗೆ ಸುದ್ದಿ.

ಲೈಸೆನ್ಸ್ ಒಪ್ಪಂದ ಮುಗಿದ ಮೇಲೆ, 1973ರಿಂದ ಗಾಡಿಗೆ ಯೆಜ್ಡಿ ಅಂತ ಹೆಸರಾಯ್ತು. ಇರಾನಿನ ಯಜ್ದ್ ಊರಿನ ನೆನಪಿಗೆ ಅಂತ ಹೇಳ್ತಾರೆ, ಪಾರ್ಸಿಗಳ ಮೂಲ ನೆಲ ಅದು. ಆದರೆ ಒಂದು ಮಜಾ ನೋಡಿ. ಝೆಕ್ ಭಾಷೆಯಲ್ಲಿ 'ಯೆಜ್ದೀ' ಅನ್ನೋ ಮಾತೇ ಇದೆ. ಅರ್ಥ ಏನು ಗೊತ್ತಾ? 'ಸವಾರಿ ಮಾಡ್ತಾನೆ'. ಒಮ್ಮೆ ಅಲ್ಲ, ದಿನಾ ಮಾಡ್ತಾನೆ ಅನ್ನೋ ಅರ್ಥದ ಕ್ರಿಯಾಪದ ಅದು. ಹೆಸರೇ ಓಡಿಸೋದು ಅಂತ ಇರೋ ಗಾಡಿಯನ್ನು ಇವತ್ತು ಹಾಲ್‌ನಲ್ಲಿ ನಿಲ್ಲಿಸ್ತಾರೆ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಲೀಟರಿಗೆ ಎಂಬತ್ತು ಕಿಲೋಮೀಟರ್ ಅಂದರು. ಯೆಜ್ಡಿ ಅದರ ಅರ್ಧವೂ ಕೊಡುತ್ತಿರಲಿಲ್ಲ. ಆಮೇಲೆ ಹೊಗೆ ನಿಯಮ ಬಿಗಿಯಾಯ್ತು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಕಾರ್ಮಿಕರ ಕೆಲಸ ಹೋಯ್ತು, ಕಂಪನಿ ಲಿಕ್ವಿಡೇಟರ್ ಕೈಗೆ ಹೋಯ್ತು. ಮುಂದೆ ಯೆಜ್ಡಿ ಅನ್ನೋ ಹೆಸರು ಯಾರದ್ದು ಅಂತ ಹೈಕೋರ್ಟಿನಲ್ಲಿ ವ್ಯಾಜ್ಯವೇ ನಡೆಯಿತು. ಕಾರ್ಖಾನೆ ಸತ್ತಾಗ ಕೇಳೋರಿರಲಿಲ್ಲ, ಹೆಸರಿಗೆ ಬೆಲೆ ಬಂದಾಗ ಕಿತ್ತಾಟ. ಇದು ನಮ್ಮ ನಾಡಿನ ಎಷ್ಟು ಕಾರ್ಖಾನೆಗಳ ಕಥೆ, ನೀವೇ ಲೆಕ್ಕ ಹಾಕಿ.

ಗಾಡಿಗಳು ಏನಾದವು? ಇಲ್ಲಿ ನಾನು ಸಂಗ್ರಹಕಾರರ ಪರವಾಗಿ ಒಂದು ಮಾತು ಹೇಳಲೇಬೇಕು. 1996ರ ನಂತರದ ಹತ್ತು ವರ್ಷ ಜಾವಾ, ಯೆಜ್ಡಿ ಕೇಳೋರು ಗತಿ ಇರಲಿಲ್ಲ. ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋದವು. ಹಾಕಿದವರು ಯಾರು? ನಾವೇ. ಅಪ್ಪನ ಗಾಡಿ ಅಂತ ಇವತ್ತು ಕಣ್ಣೀರು ಹಾಕುವ ನಾವೇ, ಜಾಗ ಹಿಡಿಯುತ್ತೆ ಅಂತ ಸಾಗಹಾಕಿದೆವು. ಶಿವಾಜಿನಗರದ ಗುಜರಿಯಿಂದ ಟ್ಯಾಂಕು, ಜೆ.ಸಿ. ರಸ್ತೆಯ ಯಾವುದೋ ಮೂಲೆಯಿಂದ ಕಾರ್ಬುರೇಟರು ಹುಡುಕಿ ತಂದು, ಮುದಿ ಮೆಕ್ಯಾನಿಕ್ಕುಗಳ ಕಾಲು ಹಿಡಿದು ಮತ್ತೆ ಜೋಡಿಸಿದವರು ಬೆಂಗಳೂರು, ಮೈಸೂರಿನ ಈ ಹುಚ್ಚರು. ಇವತ್ತು ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ನೂರಾರು ಗಾಡಿ ಹೊಗೆ ಬಿಟ್ಟುಕೊಂಡು ಹೊರಡುತ್ತವೆ ಅಂದರೆ, ಬಿಡಿಭಾಗ ಇನ್ನೂ ಸಿಗುತ್ತೆ ಅಂದರೆ, ಅದು ಅವರ ಪುಣ್ಯ. ಸಂಗ್ರಹ ಮಾಡೋರನ್ನೆಲ್ಲ ದುಡ್ಡಿನ ಕೊಬ್ಬು ಅಂತ ಬೈಯೋದು ಸುಲಭ. ನಾನು ಬೈಯಲ್ಲ.

ರಾಜ್‌ದೂತ್ 350 ಕಥೆಯೂ ಇದೇ. 1983ರಲ್ಲಿ ಎಸ್ಕಾರ್ಟ್ಸ್‌ನವರು ಯಮಹಾ ಆರ್‌ಡಿ 350ಯನ್ನು ಇಲ್ಲಿ ತಯಾರಿಸಿದರು. ಕಾಲಕ್ಕಿಂತ ಮುಂಚೆ ಬಂದ ಗಾಡಿ. ಪೆಟ್ರೋಲ್ ಕುಡಿಯುತ್ತೆ ಅಂತ ಜನ ದೂರ ಇಟ್ಟರು. ದಶಕ ಕಳೆಯುವಷ್ಟರಲ್ಲಿ ಮುಗಿಯಿತು. ಈಗ ಅದೇ ಗಾಡಿಗೆ ಲಕ್ಷಗಟ್ಟಲೆ. ಧೋನಿಯ ಗ್ಯಾರೇಜಿನಲ್ಲೂ ಒಂದಿದೆ.

2018ರ ನವೆಂಬರ್‌ನಲ್ಲಿ ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರನ್ನು ಮತ್ತೆ ತಂದಿತು. ಮೈಸೂರಿನಲ್ಲಿ ಅಲ್ಲ, ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ ತಯಾರಿ. ಮರು ವರ್ಷ ಜಾವಾಗೆ ತೊಂಬತ್ತು ತುಂಬಿತು ಅಂತ ವಿಶೇಷ ಆವೃತ್ತಿ ಬಿಟ್ಟರು. ಎಷ್ಟು? ಬರೀ 90 ಗಾಡಿ. ಹಾಲಿನವರ ಗಾಡಿಗೂ ಲಿಮಿಟೆಡ್ ಎಡಿಷನ್ ಬಂತು!

ಈಗ ಕಾನೂನಿಗೆ ಬರೋಣ. ನ್ಯಾಮತಿಯವರಿಗೆ ಗೊತ್ತಿರಲಿಲ್ಲ, ನಿಮ್ಮಲ್ಲೂ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಇಲಾಖೆ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬೈಕು ಕಾರುಗಳಿಗೆ ವಿಂಟೇಜ್ ಹಣೆಪಟ್ಟಿ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಮಾನ್ಯ, ಆಮೇಲೆ ಮತ್ತೆ ಮಾಡಿಸೋಕೆ 5,000. ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಎರಡಕ್ಷರ. 1971ರ ಜಾವಾಗೆ ಇದು ಸಿಗುತ್ತೆ. ಆದರೆ ಒಂದು ಷರತ್ತು ಇದೆ. ಹಣೆಪಟ್ಟಿ ಹಾಕಿಸಿಕೊಂಡ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸೋ ಹಾಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ ಹೋಗಬಹುದು. ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಹೋಗಬಹುದು. ಸಂತೆಗೆ ಹೋಗೋ ಹಾಗಿಲ್ಲ, ಮಗಳನ್ನು ಕಾಲೇಜಿಗೆ ಬಿಡೋ ಹಾಗಿಲ್ಲ, ಹಸು ನೋಡೋಕೆ ಹೋಗೋ ಹಾಗಿಲ್ಲ. ಅಂದರೆ ಸರ್ಕಾರವೇ ಉತ್ತರ ಹೇಳಿಬಿಟ್ಟಿದೆ: ಗೌರವ ಬೇಕಾದರೆ ಇಡು, ಓಡಿಸಬೇಕಾದರೆ ಮಾಮೂಲಿ ಹಳೇ ಗಾಡಿಯ ಸಾಲಿನಲ್ಲಿ ನಿಂತು ನೋಂದಣಿ ನವೀಕರಿಸಿಕೊ. ಹಣೆಪಟ್ಟಿ ಕಡ್ಡಾಯ ಅಲ್ಲ, ಅದೊಂದು ಸಮಾಧಾನ.

ವಿದೇಶದಿಂದ ಇಡಿಯಾಗಿ ಬರೋ ದೊಡ್ಡ ಬೈಕುಗಳ ಮೇಲಿನ ಸುಂಕ ನೋಡಿ. 2018ರಲ್ಲಿ ಅದನ್ನು ಶೇ. 75ರಿಂದ 50ಕ್ಕೆ ಇಳಿಸಿದರು. ಟ್ರಂಪ್ ಸಾಹೇಬರು ಹಾರ್ಲೆ ಹೆಸರು ಹಿಡಿದು ಗೊಣಗುತ್ತಿದ್ದ ಕಾಲ. 2025ರ ಬಜೆಟ್‌ನಲ್ಲಿ 1600 ಸಿಸಿವರೆಗಿನ ಗಾಡಿಗೆ ಶೇ. 40, ಅದಕ್ಕೂ ದೊಡ್ಡದಕ್ಕೆ ಶೇ. 30 ಆಯ್ತು. ಕೋಟಿ ರೂಪಾಯಿ ಗಾಡಿಗೆ ಒಂದು ಲೋಕದ ನಾಯಕರು ಮಾತಾಡ್ತಾರೆ, ಗೋದಾಮಿನ ಜಾವಾಗೆ ಆರ್‌ಟಿಓ ಕಿಟಕಿಯೇ ಗತಿ.

ಓಡಿಸೋದೇ ಸರಿ ಅಂತ ನಾನು ಪೂರ್ತಿ ಹೇಳಿಬಿಡಬಹುದಿತ್ತು. ಆದರೆ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಏರ್‌ಪೋರ್ಟ್ ರಸ್ತೆಯಲ್ಲಿ, ನಂದಿಬೆಟ್ಟದ ದಾರಿಯಲ್ಲಿ ಏನು ನಡೆಯುತ್ತೆ ಅಂತ ನೋಡಿದವನು ನಾನು. 200 ಅಶ್ವಶಕ್ತಿಯ ಗಾಡಿ, 23 ವರ್ಷದ ಹುಡುಗ. ಅಪಘಾತದ ಸುದ್ದಿ ಓದಿ ಓದಿ ನನ್ನ ಬಾಯಿ ಸೋತಿದೆ. ಅದೇ ಗಾಡಿಯನ್ನು ಶಿವಮೊಗ್ಗದಿಂದ ಸವಳಂಗ ಮೇಲೆ ನ್ಯಾಮತಿಗೆ ತನ್ನಿ ನೋಡೋಣ. ಸುಗ್ಗಿ ಕಾಲದಲ್ಲಿ ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳ ಒಣಹಾಕಿರ್ತಾರೆ. ಉಳಿದ ಅರ್ಧದಲ್ಲಿ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರು, ಅದರ ಹಿಂದೆ ಎಮ್ಮೆ. ಎರಡನೇ ಗೇರು ದಾಟೋದಿಲ್ಲ. ನಮ್ಮ ರಸ್ತೆಯಲ್ಲಿ ಓಡಿಸೋಕೆ ಆಗದ್ದನ್ನು ಕೊಂಡ ಮೇಲೆ ಇಡುವುದೇ ಎಷ್ಟೋ ಮನೆಗಳಿಗೆ ಕ್ಷೇಮ. ಓಡಿಸಲೇಬೇಕು ಅಂದರೆ ಟ್ರ್ಯಾಕ್ ಇದೆ, ಚೆನ್ನೈ ಹತ್ತಿರ, ಕೊಯಮತ್ತೂರಿನಲ್ಲಿ. ಅಲ್ಲಿಗೆ ಹೋಗಲಿ.

ಹಾಗಂತ ಇಟ್ಟದ್ದು ಸುರಕ್ಷಿತ ಅನ್ನೋದೂ ಭ್ರಮೆಯೇ. ನ್ಯಾಮತಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಆ ಊರಿನ ಬ್ಯಾಂಕಿನಿಂದ 17 ಕೆಜಿಗೂ ಹೆಚ್ಚು ಅಡವಿಟ್ಟ ಚಿನ್ನ ಹೋದಾಗ ನಾವೇ ವಾರಗಟ್ಟಲೆ ಸುದ್ದಿ ಮಾಡಿದ್ದೇವೆ. ಪೊಲೀಸರು ಮರುವರ್ಷ ಅದನ್ನು ಪತ್ತೆ ಮಾಡಿದ್ದು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ. ಚಿನ್ನ ಬಾವಿಯಲ್ಲಿದ್ದರೂ ಕೆಡಲ್ಲ. ಗಾಡಿ ಮನೆಯೊಳಗಿದ್ದರೂ ಕೆಡುತ್ತೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಒಣಗಿ ಅಂಟಾಗುತ್ತೆ, ಟ್ಯಾಂಕಿನೊಳಗೆ ತುಕ್ಕು, ಕ್ರ್ಯಾಂಕಿನ ಆಯಿಲ್ ಸೀಲು ಒಣಗಿ ಬಿರುಕು, ನಿಂತಲ್ಲೇ ಟೈರು ಚಪ್ಪಟೆ. ಕೋಟಿ ರೂಪಾಯಿ ಡುಕಾಟಿಗೂ ಟೈರು ರಬ್ಬರಿನದ್ದೇ, ವಯಸ್ಸಾಗುತ್ತೆ. ಓಡುವ ಯಂತ್ರ ಓಡದೇ ಇದ್ದರೆ ಒಳಗಿನಿಂದ ಸಾಯುತ್ತೆ.

ಇದಕ್ಕೊಂದು ದಾರಿ ನಮ್ಮಲ್ಲೇ ಇದೆ. ಮೈಸೂರಿನ ಅಂಬಾರಿ ನೋಡಿ. ಸುಮಾರು 750 ಕೆಜಿ, ಚಿನ್ನದ ಹೊದಿಕೆ. ಅದಕ್ಕಿಂತ ಲಿಮಿಟೆಡ್ ಎಡಿಷನ್ ಇನ್ನೇನಿದೆ? ಒಂದೇ ಒಂದು. ವರ್ಷವಿಡೀ ಅರಮನೆಯೊಳಗೆ ಇರುತ್ತೆ. ಆದರೆ ವಿಜಯದಶಮಿ ದಿನ ಹೊರಗೆ ಬರಲೇಬೇಕು. ಗಾಜಿನ ಹಿಂದೆ ಇಟ್ಟು ನೋಡ್ಕೊಳ್ಳಿ ಅಂದರೆ ಜನ ಒಪ್ತಾರಾ? ಒಂದು ಕಾಲದಲ್ಲಿ ಅದರಲ್ಲಿ ಕೂತು ಬರುತ್ತಿದ್ದವರು ಅದೇ ಜಯಚಾಮರಾಜ ಒಡೆಯರ್, ಜಾವಾ ಕಾರ್ಖಾನೆಗೆ ನೆರವಾದವರು. ಈಗ ತಾಯಿ ಚಾಮುಂಡೇಶ್ವರಿ ಬರುತ್ತಾಳೆ. ಎಂಟು ವರ್ಷ ಅರ್ಜುನ ಹೊತ್ತ, 2020ರಿಂದ ಅಭಿಮನ್ಯು ಹೊರುತ್ತಿದ್ದಾನೆ. ಆನೆಗೆ ವಾರಗಟ್ಟಲೆ ಮರಳು ಮೂಟೆ ಹೊರಿಸಿ ತಾಲೀಮು ಮಾಡಿಸ್ತಾರೆ. ಅಂಬಾರಿ ಆ ಒಂದು ದಿನ ಬನ್ನಿಮಂಟಪದ ದಾರಿಯಲ್ಲಿ ಹೊರಟಾಗಲೇ ಅದು ಅಂಬಾರಿ.

ನ್ಯಾಮತಿಯ ಸುತ್ತಮುತ್ತ ಇನ್ನೊಂದು ಉದಾಹರಣೆ ಇದೆ, ಅದು ಇನ್ನೂ ಹತ್ತಿರದ್ದು. ಹೋರಿ ಹಬ್ಬ. ಹೊನ್ನಾಳಿ, ನ್ಯಾಮತಿ, ಶಿಕಾರಿಪುರ, ಹಾವೇರಿ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಒಂದೊಂದು ಹೋರಿಗೆ ಲಕ್ಷಗಟ್ಟಲೆ ಕೊಡ್ತಾರೆ. ಅದು ಉಳೋದಿಲ್ಲ, ಗಾಡಿ ಎಳೆಯೋದಿಲ್ಲ. ಹಿಂಡಿ, ಹುರುಳಿ ತಿಂದು ಮೈ ಬೆಳೆಸುತ್ತೆ. ಊರಿನ ಸೂಪರ್‌ಬೈಕ್ ಅನ್ನಿ. ಆದರೆ ದೀಪಾವಳಿ ಕಳೆದ ಮೇಲೆ ಕೊರಳಿಗೆ ಕೊಬ್ಬರಿ ಹಾರ ಕಟ್ಟಿ, ಬಲೂನು ಜೂಲ ಹಾಕಿ ಅಖಾಡಕ್ಕೆ ಬಿಡ್ತಾರೆ. ಹಿಡಿಯೋಕೆ ಬಂದ ಹುಡುಗರ ನಡುವಿನಿಂದ ಕೊಬ್ಬರಿ ಉಳಿಸಿಕೊಂಡು ಹೋದ ಹೋರಿಗೆ ಹೆಸರು. ಕೊಟ್ಟಿಗೆಯಲ್ಲೇ ಇದ್ದ ಹೋರಿಗೆ ಎಂಥ ಹೆಸರು? ಇಲ್ಲೂ ಸಾವು ನೋವು ಆಗ್ತವೆ, ನಾನದನ್ನು ಮುಚ್ಚಿಡಲ್ಲ. ಅಖಾಡಕ್ಕೆ ಬೇಲಿ ಬೇಕು, ಆಂಬುಲೆನ್ಸ್ ಬೇಕು ಅಂತ ಪ್ರತಿ ವರ್ಷ ಹೇಳ್ತಾನೇ ಇದ್ದೀನಿ. ಗೆದ್ದ ಹೋರಿಗೆ ಬಹುಮಾನ ಏನು ಗೊತ್ತಲ್ಲ? ಎಷ್ಟೋ ಕಡೆ ಬೈಕು!

ಇಷ್ಟನ್ನೂ ಜೋಡಿಸಿಕೊಂಡು ಹೋದ ವಾರ ನ್ಯಾಮತಿಗೆ ನಾನೇ ಫೋನ್ ಮಾಡಿದೆ. ಕೊಡಬೇಡಿ ಅಂತ ಹೇಳೋಕೆ ನಾನ್ಯಾರು? ಮಗಳ ಫೀಸು ನಾನು ಕಟ್ಟಲ್ಲ. ಕೊಡೋದಾದರೆ ತಪ್ಪಿಲ್ಲ, ಆದರೆ ಜುಲೈ ತಿಂಗಳಲ್ಲಾದರೂ ಹೊರಗೆ ತೆಗೆದು ಓಡಿಸುವವರಿಗೆ ಕೊಡಿ, ಅಂಥವರು ಇದ್ದಾರೆ ಅಂದೆ. ಇಟ್ಟುಕೊಳ್ಳೋದಾದರೆ ಟಾರ್ಪಾಲಿನ ಕೆಳಗೆ ಇಡಬೇಡಿ. ಏನೇ ಮಾಡಿ, ಮೊದಲು ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿ. ತೀರಿಕೊಂಡವರ ಹೆಸರಿನಲ್ಲಿರೋ ಗಾಡಿ ಮಾರೋಕೂ ಆಗಲ್ಲ, ಓಡಿಸೋಕೂ ಆಗಲ್ಲ. ಹುಡುಕಿ ನೋಡಿದರೆ ಆರ್‌ಸಿ ಬುಕ್ಕಿನಲ್ಲಿ ಇರೋದು ಶಿವಮೊಗ್ಗ ಆರ್‌ಟಿಓ ಮೊಹರು. 1997ರವರೆಗೆ ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿತ್ತಲ್ಲ, ನ್ಯಾಮತಿ ಆಗ ಅದೇ ತಾಲ್ಲೂಕು. ಈಗ ನ್ಯಾಮತಿಯೇ ತಾಲ್ಲೂಕು, ಜಿಲ್ಲೆ ದಾವಣಗೆರೆ. ಗಾಡಿ ನಿಂತಲ್ಲೇ ಇದ್ದರೂ ಊರಿನ ವಿಳಾಸ ಎರಡು ಸಲ ಬದಲಾಗಿದೆ.

"ಕೊಡಲ್ಲ ಅಂತ ಹೇಳ್ಬಿಟ್ಟೆ ಸಾರ್" ಅಂದ್ರು. ಫೀಸಿಗೆ ಸೊಸೈಟಿಯಲ್ಲಿ ಸಾಲ ಮಾಡಿದ್ದಾರೆ, ಅಡಿಕೆ ಮಾರಿದ ಮೇಲೆ ತೀರಿಸ್ತಾರಂತೆ. ತಾಯಿಗೆ ಸಿಟ್ಟು ಇನ್ನೂ ಇಳಿದಿಲ್ಲ. ಹೊನ್ನಾಳಿಯಲ್ಲಿ ಹಳೇ ಮೆಕ್ಯಾನಿಕ್ ಒಬ್ಬರು ಸಿಕ್ಕಿದ್ದಾರೆ. ಟ್ಯಾಂಕ್ ತೊಳೆದು, ಕಾರ್ಬುರೇಟರ್ ಬಿಚ್ಚಿ, ಪಾಯಿಂಟ್ ಸೆಟ್ ಮಾಡಿ, ತಳ್ಳಿ ಸ್ಟಾರ್ಟ್ ಮಾಡಿದ್ದಾರೆ. ಕಿಕ್ ಹೊಡೆಯೋಕೆ ಮಾತ್ರ ಆಗ್ತಿಲ್ಲ, ಆ ಲಿವರಿನ ಹಲ್ಲು ಸವೆದುಹೋಗಿದೆ. ಜಾವಾ 250ರ ಮೂಲ ಕಿಕ್ಕರ್ ಲಿವರು ನಿಮ್ಮಲ್ಲಿ ಯಾರ ಹತ್ತಿರವಾದರೂ, ಯಾವುದಾದರೂ ಅಟ್ಟದ ಮೇಲೆ ಬಿದ್ದಿದ್ದರೆ, ನಮ್ಮ ಕಚೇರಿಗೆ ಒಂದು ಫೋನ್ ಮಾಡಿ. ತಲುಪಿಸ್ತೀವಿ.